ನನ್ನ ಕೊನೆಯ ಹಂತ

ಸಕ್ಕರೆ ಕಾಯಿಲೆಯ ಬಗ್ಗೆ ನಮ್ಮ ಬಂಧುಬಳಗದಲ್ಲಿ ಬೇರುಬಿಟ್ಟಿರುವ ಅಜ್ಞಾನವನ್ನು ಬುಡಸಮೇತ ಕಿತ್ತುಹಾಕುತ್ತೇನೆಂದು ನಾನು ಶಪಥ ಮಾಡಿದೆ. ಈ ಮಹತ್ಕಾರ್ಯಕ್ಕೆ ನನಗಿಂತ ಯೋಗ್ಯರು ಯಾರಿದ್ದಾರೆ! ನಾನು ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ಊರಿನ ಆಸ್ಪತ್ರೆಗಳಲ್ಲಿ ಜನ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಹತ್ತಿ ನಿಲ್ಲುತ್ತಾರಲ್ಲ, ಆ ಯಂತ್ರಗಳೆಲ್ಲ ನನ್ನ ಕೈ ದಾಟಿ ಹೋದವೇ. ಡಾಕ್ಟರ ಕೋಣೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ರಿಂಗ್ ಬಿಗಿಮಾಡುತ್ತಲೇ ಅರ್ಧ ವೈದ್ಯಶಾಸ್ತ್ರವನ್ನು ಕಿವಿಗೆ ಹಾಕಿಕೊಂಡಿದ್ದೇನೆ. ಈ ಕಾಯಿಲೆ ದಪ್ಪಗಿರುವವರಿಗೆ ಮಾತ್ರ ಬರುತ್ತದೆ ಎಂದು ಯಾರಾದರೂ ಅಂದರೆ ನನ್ನ ಕಡ್ಡಿಯಂಥ ತೋಳನ್ನೇ ಸಾಕ್ಷಿಯಾಗಿ ಮುಂದೆ ಚಾಚುತ್ತಿದ್ದೆ.

ಶಪಥಕ್ಕೆ ಕಾರಣವಿತ್ತು. ಡಾಕ್ಟರು ನನಗೆ ಇನ್ಸುಲಿನ್ ಬರೆದುಕೊಟ್ಟಿದ್ದರು. "ಮಾತ್ರೆ ಸಾಲ್ತಿಲ್ಲ. ಇನ್ನು ಊಟಕ್ಕೆ ಮುಂಚೆ ಇದನ್ನ ಚುಚ್ಚಿಕೊಳ್ಳಿ. ಚುಚ್ಚಿಕೊಂಡ ಮೇಲೆ ಊಟ ಮಾತ್ರ ತಪ್ಪಿಸಬೇಡಿ," ಎಂದಿದ್ದರು. ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಸೂಜಿಗೆ ಬಂತಾ?"

"ಬಂತು. ಅದಕ್ಕೇನೀಗ?"

"ಸೂಜಿಗೆ ಬಂತು ಅಂದ್ರೆ ಕೊನೇ ಹಂತ ಅಂತೆ ಕಣ್ರೀ!"

"ಯಾರೇ ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಅನ್ನೋ ಆ ಡಾಕ್ಟರು ಯಾವ ಆಸ್ಪತ್ರೇಲಿದ್ದಾರೆ?"

ಇನ್ಸುಲಿನ್ ಎಂಬುದು ಎಲ್ಲರ ಮೈಯಲ್ಲೂ ತಯಾರಾಗುವ ವಸ್ತು, ನನ್ನಲ್ಲಿ ಅದು ಸಾಲದೆ ಹೊರಗಿನಿಂದ ತುಂಬಿಸುತ್ತಿದ್ದೇವೆ ಅಷ್ಟೇ ಎಂದು ವಿವರಿಸಿದೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು! ಅವಳು ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬವನ್ನು ಪಕ್ಕದ ಮನೆಗೆ ಕೊಟ್ಟುಬಂದಳು. ಆಮೇಲೆ ತನ್ನ ಅಕ್ಕನಿಗೆ ಫೋನ್ ಮಾಡಿ ಪಿಸುಗುಟ್ಟಿದಳು: "ಇವರಿಗೆ ಸೂಜಿ ಶುರುವಾಯ್ತು ಕಣೇ." ಆ ಪಿಸುಮಾತು ಸಂಜೆಯೊಳಗೆ ಇಡೀ ಬಳಗವನ್ನು ಸುತ್ತಿ ಬಂತು. ಹೋಗುವಾಗ ಸೂಜಿಯಾಗಿದ್ದದ್ದು ಬರುವಾಗ ಶೋಕವಾಗಿತ್ತು.

ನೋಡಲು ಜನ ಬರತೊಡಗಿದರು. ಎದುರುಮನೆಯ ನಿವೃತ್ತ ಮೇಷ್ಟ್ರು ನನ್ನ ಮುಖ ನೋಡಿ, "ಚಿಕ್ಕಂದಿನಲ್ಲಿ ಸಿಹಿ ಜಾಸ್ತಿ ತಿಂದಿರಬೇಕು," ಎಂದು ತೀರ್ಪು ಕೊಟ್ಟರು. ಹೆಂಡತಿಯ ಅಕ್ಕ ಯಾವುದೋ ಸೊಪ್ಪು ಅರೆದ ಹಸಿರು ರಸವನ್ನು ಬಾಟಲಿಯಲ್ಲಿ ತಂದಳು. "ಕಹಿ ಒಳಗೆ ಹೋದ್ರೆ ಸಿಹಿ ತಾನಾಗೇ ಹೊರಗೆ ಹೋಗುತ್ತೆ," ಎಂಬುದು ಅವಳ ವೈದ್ಯಕೀಯ ಸಿದ್ಧಾಂತ. ಬಂದವರಿಗೆಲ್ಲ ನಾನು ಉಪನ್ಯಾಸ ಕೊಟ್ಟೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪಾಪ, ಎಷ್ಟು ಧೈರ್ಯ ತಂದ್ಕೊಂಡಿದ್ದಾನೆ," ಎಂದು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅಂದದ್ದು ನನಗೆ ಕೇಳಿಸಿತು.

ಒಂದು ಸಂಜೆ ಬಾಗಿಲು ತಟ್ಟಿದವನು ನನ್ನ ತಮ್ಮ.

ಅವನೂ ನಾನೂ ಒಂದೇ ಅಂಗಡಿಯಲ್ಲಿ ಕೂತು ರಿಪೇರಿ ಮಾಡುತ್ತಿದ್ದವರು. ಹೊಸ ಬೋರ್ಡ್ ಬರೆಸುವಾಗ ಅದರಲ್ಲಿ 'ಸಹೋದರರು' ಎಂಬ ಪದ ಬೇಕೋ ಬೇಡವೋ ಎಂಬ ಘನಗಂಭೀರ ಪ್ರಶ್ನೆ ಎದ್ದು, ಮಾತಿಗೆ ಮಾತು ಬೆಳೆದು, ಅವನು ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಊರಿನ ಇನ್ನೊಂದು ತುದಿಗೆ ಹೋದ. ಅಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬನೇ ಇದ್ದ. ಎಷ್ಟೋ ವರ್ಷಗಳಿಂದ ನಮ್ಮಿಬ್ಬರ ನಡುವೆ ಒಂದು ಮಾತೂ ಇರಲಿಲ್ಲ.

ಅವನಿಗೂ ಉಪನ್ಯಾಸ ಕೊಡಲು ಬಾಯಿ ತೆರೆದೆ. "ಅಣ್ಣ, ಹೇಗಿದ್ದೀಯ?" ಎಂದ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ನಾನು ಅವನ ಕೈ ಹಿಡಿದುಕೊಂಡೆ. ನನ್ನ ಅರ್ಧ ವೈದ್ಯಶಾಸ್ತ್ರ ಆವಿಯಾಗಿ ಹೋಯಿತು. "ಏನೋಪ್ಪ... ಇದ್ದೀನಿ," ಎಂಬ ಕ್ಷೀಣ ಸ್ವರವೊಂದು ಹೊರಟಿತು. ಅಂಥ ಸ್ವರ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ!

ಅಂದಿನಿಂದ ಅವನು ದಿನಾ ಸಂಜೆ ಬರತೊಡಗಿದ. ಕಿರುಗುಟ್ಟುವ ಕಿಟಕಿಗೆ ಎಣ್ಣೆ ಬಿಟ್ಟ. ನನ್ನ ಗಡ್ಡ ಬೋಳಿಸಿದ. ಇಬ್ಬರೂ ಕೂತು ಹಳೆಯ ಗಿರಾಕಿಗಳನ್ನು ಅಣಕಿಸಿ ನಗುತ್ತಿದ್ದೆವು. ನಕ್ಕಿದ್ದು ಜಾಸ್ತಿಯಾಯಿತು ಅನ್ನಿಸಿದಾಗ ನಾನು ಕೆಮ್ಮುತ್ತಿದ್ದೆ. ಸಕ್ಕರೆ ಕಾಯಿಲೆಗೂ ಕೆಮ್ಮಿಗೂ ಸಂಬಂಧವಿಲ್ಲ. ಆದರೆ ಕಲಾವಿದನಿಗೆ ಇಷ್ಟು ಸ್ವಾತಂತ್ರ್ಯ ಬೇಡವೇ!

"ಇದೇನ್ರೀ ನಾಟಕ?" ಎಂದಳು ಹೆಂಡತಿ.

"ನನಗೇನೂ ಆಗಿಲ್ಲ ಅಂತ ಗೊತ್ತಾದ್ರೆ ಅವನು ನಾಳೆಯಿಂದ ಬರಲ್ಲ ಕಣೇ."

"ಹಾಗಾದ್ರೆ ಕೊನೇ ಹಂತ ಅಲ್ವಾ?"

"ಅಲ್ಲ ಅಂತ ಬಡ್ಕೊಳ್ತಾನೇ ಇದ್ದೀನಲ್ಲ!"

"ತಮ್ಮನ ಎದುರು ನರಳ್ತೀರಿ, ನನ್ನ ಎದುರು ಗುಂಡುಕಲ್ಲಿನ ಹಾಗಿದ್ದೀನಿ ಅಂತೀರಿ. ನಾನು ಯಾರನ್ನ ನಂಬಲಿ?" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ನಿಜವಾಗಿ ಅಳುತ್ತಿದ್ದಳು ಎಂಬುದು ನನ್ನ ಗಮನಕ್ಕೆ ಬಂದದ್ದು ಆಗಲೇ.

ನಾಟಕ ಮೇಲಕ್ಕೇರುತ್ತ ಹೋಯಿತು. ಒಂದು ಸಂಜೆ ತಮ್ಮ ಇರುವಾಗಲೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡೆ. ಹೆಂಡತಿ ತಟ್ಟೆ ತಂದಿಟ್ಟಳು. ನನಗೆ ಹಸಿವು ಭಗಭಗ ಎನ್ನುತ್ತಿತ್ತು. ಆದರೆ ಕೊನೆಯ ಹಂತದವನು ಗಬಗಬ ತಿನ್ನುವುದುಂಟೇ? "ಏನೂ ಸೇರಲ್ಲ ಕಣೇ," ಎಂದು ತಟ್ಟೆಯನ್ನು ದೂರ ತಳ್ಳಿದೆ. ಇವನು ಹೋದಮೇಲೆ ತಿಂದರಾಯಿತು ಎಂಬುದು ನನ್ನ ಲೆಕ್ಕ. ಅವನು ಹೋಗಲಿಲ್ಲ. ಮಾತು ಬೆಳೆಯಿತು.

ಮೊದಲು ಅಂಗೈ ಬೆವರಿತು. ಆಮೇಲೆ ಕೈ ನಡುಗಿತು. ತಮ್ಮನ ಮುಖ ಎರಡಾಯಿತು. ಇದು ನಾಟಕವಲ್ಲ ಎಂದು ಹೇಳಹೋದರೆ ನಾಲಿಗೆ ಹೊರಳಲಿಲ್ಲ.

"ಅಯ್ಯೋ, ಸಕ್ಕರೆ ಏರಿಬಿಡ್ತು!" ಎಂದು ಹೆಂಡತಿ ಹಸಿರು ರಸದ ಬಾಟಲಿ ಹಿಡಿದು ಓಡಿಬಂದಳು.

"ಏರಿಲ್ಲ ಅತ್ತಿಗೆ, ಇಳಿದಿದೆ! ಸೂಜಿ ಹಾಕ್ಕೊಂಡು ಹೊಟ್ಟೆಗೇನೂ ತಿಂದಿಲ್ಲ. ಸಕ್ಕರೆ ಎಲ್ಲಿ?"

"ಮನೇಲಿ ಇಲ್ಲ!"

ತಮ್ಮ ಅಂಗಿಯ ಜೇಬಿಗೆ ಕೈಹಾಕಿದ. ಒಂದು ಪುಟ್ಟ ಪೊಟ್ಟಣ ತೆಗೆದು, ಹಲ್ಲಿನಿಂದ ಹರಿದು, ಸಕ್ಕರೆಯನ್ನು ನನ್ನ ಬಾಯಿಗೆ ಸುರಿದ. "ನುಂಗು ಅಣ್ಣ. ನುಂಗು." ಇನ್ನೊಂದು ಪೊಟ್ಟಣ. "ಕೊಂದ್ಬಿಟ್ಟೆಯಲ್ಲೋ!" ಎಂದು ಹೆಂಡತಿ ಕಿರುಚಿದಳು. ಅವನು ತಿರುಗಿಯೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡು ಮುಖಗಳು ಒಂದಾದವು. ಹೆಂಡತಿ ಬಾಟಲಿ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತಿದ್ದಳು. ತಮ್ಮ ತಟ್ಟೆಯನ್ನು ಹತ್ತಿರ ಎಳೆದು ನನಗೆ ತುತ್ತು ಕೊಡುತ್ತಿದ್ದ.

"ಜೇಬಲ್ಲಿ ಸಕ್ಕರೆ ಯಾಕೋ?" ಎಂದೆ.

ಅವನು ಅಂಗಿ ಎತ್ತಿ ತೋರಿಸಿದ. ಹೊಟ್ಟೆಯ ಮೇಲೆ ಸೂಜಿಯ ಚುಕ್ಕೆಗಳು. ಹಳೆಯವು, ಹೊಸವು.

"ನನಗೆ ಶುರುವಾಗಿ ವರ್ಷಗಳೇ ಆದ್ವು. ಆಗ ನಾನೂ ಕೊನೇ ಹಂತ ಅಂತಾನೇ ನಂಬಿದ್ದೆ. ಹೇಳೋರು ಯಾರೂ ಇರಲಿಲ್ಲ. ನಿನ್ನ ಅಂಗಡಿ ತನಕ ಬಂದು, 'ಸಹೋದರರು' ಇಲ್ಲದ ಬೋರ್ಡ್ ನೋಡಿ ವಾಪಸ್ ಹೋಗಿದ್ದೆ. ನೀನೂ ಹಾಗೇ ಹೆದರಿ ಕೂತಿರ್ತೀಯ, ಇದೇನೂ ಸಾಯೋ ಕಾಯಿಲೆ ಅಲ್ಲ, ಸರಿಯಾಗಿ ತಗೊಂಡ್ರೆ ಎದ್ದು ಓಡಾಡಬಹುದು ಅಂತ ಹೇಳಿಹೋಗೋಣ ಅಂತ ಬಂದೆ."

"ಮತ್ತೆ ಹೇಳಲಿಲ್ಲ?"

"ನೀನು ಕೈ ಹಿಡ್ಕೊಂಡೆ." ತಟ್ಟೆಯ ಅಂಚನ್ನು ಬೆರಳಿಂದ ಒರೆಸಿದ. "ಹೇಳಿದ್ರೆ ಬಿಟ್ಬಿಡ್ತೀಯೇನೋ ಅನ್ನಿಸ್ತು."

ಜಗತ್ತಿನ ಅಜ್ಞಾನವನ್ನೆಲ್ಲ ತೊಲಗಿಸಲು ಹೊರಟ ನಾನು ಅವನು ಕೊಟ್ಟ ಕೊನೆಯ ತುತ್ತನ್ನು ನುಂಗಿದೆ. ಅವನು ಚಪ್ಪಲಿ ಮೆಟ್ಟಿಕೊಂಡ. "ಸರಿ, ಇನ್ನು ನಿನಗೆ ಭಯ ಇಲ್ಲ. ನಾನು ಬರ್ತೀನಿ," ಎಂದು ಹೊರಟ. ನಾಳೆಯೂ ಬಾ ಎನ್ನಲು ನಾಚಿಕೆಯಾಯಿತು.

ಮಾರನೆಯ ಸಂಜೆ ಅವನು ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ನಾನು ಸದ್ದಿಲ್ಲದ ಕಿಟಕಿಯ ಪಕ್ಕ ಕೂತಿದ್ದೆ.

"ಆರಾಮಾಗಿರೋರನ್ನ ನೋಡೋಕೆ ಯಾರ್ರೀ ಬರ್ತಾರೆ?" ಎಂದಳು ಹೆಂಡತಿ, ತಟ್ಟೆ ಇಡುತ್ತಾ. ಊಟ ಪೂರ್ತಿ ಮುಗಿಸಿ, ಎದ್ದು, ಬಸ್ಸು ಹತ್ತಿದೆ.

ಅವನ ಕೋಣೆ ಒಂದು ಸೈಕಲ್ ಅಂಗಡಿಯ ಮೇಲಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ತೆರೆದವನು ನನ್ನನ್ನು ಕಂಡು ಬಿಳುಚಿಕೊಂಡ.

"ಅತ್ತಿಗೆಗೆ ಏನಾಯ್ತು?"

"ಚೆನ್ನಾಗಿದ್ದಾಳೆ."

"ಮತ್ತೆ ನಿನಗೆ?"

"ನಾನೂ ಚೆನ್ನಾಗಿದ್ದೀನಿ."

"ಹಾಗಾದ್ರೆ ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೋ. ಸುಮ್ಮನೆ ಬಂದೆ."

ಅವನು ನನ್ನ ಮುಖವನ್ನೇ ನೋಡಿದ. ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಎಳೆದು ನನ್ನನ್ನು ಕೂರಿಸಿ, ತಾನು ಗೋಡೆಗೆ ಒರಗಿ ನಿಂತ.

"ನಿಧಾನಕ್ಕೆ ಹೇಳು ಅಣ್ಣ," ಎಂದ. "ನಾನು ತಡ್ಕೊಳ್ತೀನಿ."