ಕಾಕಾನ ಕಾಣದ ಬೀಗರು

ಬೀಗರ ಉಪಚಾರದಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ದಾಂಡೇಲಿಯಲ್ಲೇ ಇರಲಿಲ್ಲ. ಆದರೆ ಆ ಬೀಗರು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ!

ಕಾಕಾ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುವವರ ಮೇಲೆ ಮುಕಾದಮ. ನಾನೂ ಅದೇ ಮಿಲ್ಲಿಗೆ ಹೊಸದಾಗಿ ಸೇರಿ ಅವನ ಮನೆಯಲ್ಲೇ ಇದ್ದೆ. ಅವನ ಹೆಂಡತಿ, ನಮ್ಮ ಕಾಕುವಿನ ತವರು ವಿಜಾಪುರದ ಕಡೆ. ಅವಳಪ್ಪನದು ದ್ರಾಕ್ಷಿ ತೋಟ. ಅಪ್ಪ ತೀರಿಕೊಂಡ, ಅಣ್ಣಂದಿರು ತೋಟ ಮಾರಿದರು. ಕಾಕು ಒಂದು ಹನಿ ಕಣ್ಣೀರು ಹಾಕಲಿಲ್ಲ. ಸುಮ್ಮನೆ ರೊಟ್ಟಿ ಬಡಿದಳು, ಸುಮ್ಮನೆ ನೀರು ತುಂಬಿದಳು. ಹೀಗೇ ಬಿಟ್ಟರೆ ಇವಳ ಎದೆ ಒಡೆದೀತು ಎಂದು ಕಾಕಾನಿಗೆ ದಿಗಿಲು.

ಆಗಲೇ ಹಳಿಯಾಳದ ಸಭೆಯೊಂದರಲ್ಲಿ ಬೇಸಾಯದ ಅಧಿಕಾರಿಯೊಬ್ಬರು ಹೇಳಿದ್ದು ಅವನ ಕಿವಿಗೆ ಬಿತ್ತು: ಬಳ್ಳಿಯ ಬೇರಿನ ಸುತ್ತ ಕಣ್ಣಿಗೆ ಕಾಣದ ಜೀವಿಗಳಿವೆ, ಬೇರು ಅವಕ್ಕೆ ಸಿಹಿ ಉಣಿಸುತ್ತದೆ, ಅವು ಮಣ್ಣಿನ ಸಾರ ಕರಗಿಸಿ ಬೇರಿಗೆ ಕೊಡುತ್ತವೆ.

"ಕೊಡೂದು, ತಗೊಳ್ಳೂದು. ಅಂದ್ರ ಬೀಗರ ಆದ್ರಲ್ಲ" ಎಂದ ಕಾಕಾ, ತೋಟಕ್ಕೆ ನೇಗಿಲು ಬೀಳುವ ಮೊದಲೇ ವಿಜಾಪುರಕ್ಕೆ ಓಡಿದ. ಒಂದು ಬಳ್ಳಿಯ ತುಂಡು, ಅದರ ಬುಡದ ಮಣ್ಣು ಒಂದು ಗಡಿಗೆ ತಂದ. ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನು ದಾಂಡೇಲಿಯ ಮಣ್ಣಿಗೆ ಬೆರೆಸುವುದು ಅವನ ಲೆಕ್ಕ.

ಬಸ್ಸಿನಲ್ಲಿ ಆ ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದನಂತೆ.

"ಏನೈತ್ರಿ ಇದರಾಗ?" ಎಂದ ಕಂಡಕ್ಟರ್.

"ನಮ್ಮ ಬೀಗರು."

ಅಸ್ಥಿ ಎಂದುಕೊಂಡ ಕಂಡಕ್ಟರ್ ಕೈ ಮುಗಿದು, ಹುಬ್ಬಳ್ಳಿಯವರೆಗೆ ಮುಂದಿನ ಸೀಟು ಪೂರ್ತಿ ಕಾಕಾನಿಗೇ ಬಿಡಿಸಿಕೊಟ್ಟ!

ಹಿತ್ತಲಲ್ಲಿ ನೆಟ್ಟ ಬಳ್ಳಿ ಚಿಗುರಿದ್ದೇ ತಡ, ನಮ್ಮ ಪಾಡು ಕೇಳುವವರಿಲ್ಲ. ಅಲ್ಲಿ ಬಟ್ಟೆ ಒಗೆಯುವಂತಿಲ್ಲ. "ಬೀಗರ ಮೈಮ್ಯಾಲೆ ಸಬಕಾರದ ನೀರು ಚೆಲ್ತಾರೇನು?" ಎಂದು ನನಗೆ ಗದರಿಕೆ. ಬೀಗರಿಗೆ ಮಾತ್ರ ವಾರಕ್ಕೊಮ್ಮೆ ಬೆಲ್ಲದ ನೀರು. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಬೀಗರು ಆರಾಮ ಅದಾರೇನ್ರಿ?" ಎಂದರೆ, "ಥಂಡಿಗೆ ಸ್ವಲ್ಪ ಮೆತ್ತಗಾಗ್ಯಾರ್ರಿ" ಎಂದು ಗಂಭೀರವಾಗಿ ಉತ್ತರಿಸುತ್ತಿದ್ದ. ಎಲ್ಲರೂ ನಗುತ್ತಿದ್ದೆವು, ಕಾಕು ಒಬ್ಬಳನ್ನು ಬಿಟ್ಟು.

ಮಳೆಗಾಲ ಬಂತು. ವಿಜಾಪುರದ ಬಳ್ಳಿ ದಾಂಡೇಲಿಯ ಮಳೆಗೆ ತಾಳೀತೇ? ಎಲೆ ಕಪ್ಪಾಗಿ ಉದುರಿತು, ಬಳ್ಳಿ ಕೊಳೆಯಿತು. ಮತ್ತೆ ತರೋಣವೆಂದರೆ ಅಲ್ಲಿ ತೋಟ ಹೋಗಿ ಜೋಳದ ಹೊಲವಾಗಿತ್ತು. ಕಾಕಾ ತಲೆಯ ಮೇಲೆ ಕೈ ಹೊತ್ತು ಕುಳಿತ. ನನಗೂ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಒಳಗಿನಿಂದ ಕಾಕು ಬಂದಳು. ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತಳು. ಬೇರಿಗೆ ಅಂಟಿದ್ದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಗಿನ ಹತ್ತಿರ ತಂದು ಮೂಸಿದಳು.

"ಅಪ್ಪ ತ್ವಾಟದಿಂದ ಬಂದಾಗ ಅವನ ಧೋತರ ಹಿಂಗ ವಾಸನಿ ಬರ್ತಿತ್ತು" ಎಂದಳು.

ಅಲ್ಲೇ ಕುಸಿದು ಕುಳಿತು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಕಾಕಾ ಸಮಾಧಾನ ಹೇಳಲಿಲ್ಲ. ಕೆಸರಲ್ಲೇ ಅವಳ ಪಕ್ಕಕ್ಕೆ ಕುಳಿತು, "ಅತ್ತ ಬಿಡು, ಎಲ್ಲಾ ಅತ್ತ ಬಿಡು" ಎನ್ನುತ್ತ ತಾನೂ ಅಳುತ್ತಿದ್ದ.