ಕೊಲ್ಲದ ಗುಂಡು ಯಾವುದು?

ಬೇರೆ ಡಾಕ್ಟರುಗಳನ್ನು ಊಟಕ್ಕೆ ಕರೆದವರು ಮಂಡಿನೋವು ಹೇಳಿಕೊಳ್ಳುತ್ತಾರೆ, ನಾಲಿಗೆ ಚಾಚಿ ತೋರಿಸುತ್ತಾರೆ. ನನ್ನನ್ನು ಕರೆದವರು ಸಾರು ಬಡಿಸುತ್ತಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಗುಂಡುಗಳಲ್ಲಿ ಯಾವುದು ಒಳ್ಳೇದು, ಡಾಕ್ಟ್ರೇ?’ ಎಪ್ಪತ್ತರ ದಶಕದ ಶುರುವಿನಲ್ಲಿ ಜರ್ಸಿ ಸಿಟಿಯಲ್ಲಿ ನಾನು ಮಾಡುತ್ತಿದ್ದದ್ದು ಹೆಣ ಕೊಯ್ಯುವ ಕೆಲಸ. ಜನರ ಮೈಯಿಂದ ಗುಂಡು ತೆಗೆಯುವವನಿಗೆ ಗುಂಡಿನ ಗುಣಾವಗುಣ ಗೊತ್ತಿರಲೇಬೇಕು ಎಂದು ನಮ್ಮ ಕನ್ನಡದವರ ನಂಬಿಕೆ. ಸಂಜೆ ರೈಲಿಳಿದು ಕ್ಷೇಮವಾಗಿ ಮನೆ ಸೇರಿದರೆ ‘ಬಂದೆ’ ಅಂತ ಗೆಳೆಯರಿಗೆ ಫೋನ್ ಮಾಡುತ್ತಿದ್ದ ಕಾಲ ಅದು. ಹಾಗೆ ಕೇಳಿದವರನ್ನು ಹೇಗೆ ಬೈಯುವುದು?

ಹೆಚ್ಚು ಕೇಳಿದವನು ನನ್ನ ಧಾರವಾಡದ ಗೆಳೆಯ. ಇಂಜಿನಿಯರ್ ಕೆಲಸ ಹೋದ ಮೇಲೆ ಅವನೂ ಹೆಂಡತಿಯೂ ಸೇರಿ ಬೇಳೆ, ಅಕ್ಕಿ, ಊದುಬತ್ತಿಯ ಸಣ್ಣ ಅಂಗಡಿ ಹಾಕಿದ್ದರು. ಎರಡು ಸಲ ಕಳ್ಳರು ನುಗ್ಗಿದರು. ಎರಡನೆಯ ಸಲ ಇವನ ತಲೆಗೆ ಬಾಟಲಿಯಿಂದ ಹೊಡೆದರು. ಆಸ್ಪತ್ರೆಗೆ ಹೋಗಲಾರೆ ಎಂದು ಹಟ ಹಿಡಿದದ್ದಕ್ಕೆ ನಾನೇ ಹೊಲಿಗೆ ಹಾಕಿದೆ. ಬದುಕಿರುವವರಿಗೆ ಹೊಲಿದು ಅಭ್ಯಾಸ ತಪ್ಪಿತ್ತು. ಕನ್ನಡಿ ನೋಡಿಕೊಂಡು, ‘ಏನ್ರೀ ಇದು, ಗೋಣಿಚೀಲ ಹೊಲದಂಗ ಹೊಲದೀರಿ?’ ಅಂದ. ‘ನನ್ನ ಪೇಷೆಂಟುಗಳು ಯಾರೂ ಇದುವರೆಗೆ ಕನ್ನಡಿ ಕೇಳಿರಲಿಲ್ಲ’ ಅಂದೆ.

ಸಸ್ಯಾಹಾರಿ ಗುಂಡು

ತಲೆಯ ಗಾಯ ಮಾಯುವುದರೊಳಗೆ ಅವನು ಒಂದು ಅಗ್ಗದ ರಿವಾಲ್ವರ್ ತಂದ. ಪಾಯಿಂಟ್ ಟೂಟೂ ಎನ್ನುವ ಚಿಕ್ಕ ಜಾತಿ. ತೋಟಾದ ಬುಡದ ಅಂಚಿಗೆ ರಿವಾಲ್ವರಿನ ಸುತ್ತಿಗೆ ಬಡಿದರೆ ಸಿಡಿಯುತ್ತದೆ. ಲೈಸೆನ್ಸು ಗೀಸೆನ್ಸು ಎಲ್ಲ ಸರಿಯಾಗಿತ್ತು. ಸರಿಯಿಲ್ಲದ್ದು ಅವನ ಮನಸ್ಸು. ಜಿರಳೆಯನ್ನೂ ಪೊರಕೆಯಿಂದ ಹೊರಗೆ ತಳ್ಳುತ್ತಿದ್ದ ಮನುಷ್ಯ.

‘ಡಾಕ್ಟ್ರ, ಮನಶ್ಯಾ ಸಾಯಬಾರದು. ಆದ್ರ ಏಳಲೂಬಾರದು. ಅಂಥಾದ್ದು ಯಾವುದದ?’

ಈ ಟೂಟೂ ಜಾತಿಯಲ್ಲಿ ಶಾರ್ಟ್ ಎಂಬ ಗಿಡ್ಡ ತೋಟಾ ಇದೆ, ಲಾಂಗ್ ರೈಫಲ್ ಎಂಬ ಉದ್ದನೆಯದಿದೆ. ಗಿಡ್ಡದ್ದರ ಶಕ್ತಿ ಕಡಿಮೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಅಂದಮೇಲೆ ಗಿಡ್ಡದ್ದು ಸಾತ್ವಿಕ, ಉದ್ದದ್ದು ತಾಮಸ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

‘ಶಾರ್ಟ್ ಬಿದ್ದವರು ನಿಮ್ಮ ಹಂತ್ಯಾಕ ಬಂದಾರೇನು?’

‘ಬಂದಿದ್ದಾರೆ.’

‘ಏನಂತಾರ?’

‘ಸಾತ್ವಿಕವಾಗಿ ಮಲಗಿರುತ್ತಾರೆ.’

ಒಂದು ಸೈಜು ದೊಡ್ಡದು

ಬಂದೂಕು ಮಾರುವವನೇ ಹೇಳಲಿ ಎಂದು ಗೆಳೆಯನನ್ನು ಬಂದೂಕಿನ ಅಂಗಡಿಗೆ ಕರೆದುಕೊಂಡು ಹೋದೆ. ಅವನ ಹೆಂಡತಿಯೂ ಬಂದಳು. ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು, ಬದನೆಕಾಯಿ ಆರಿಸುವ ಹಾಗೆ ಒಂದೊಂದು ತೋಟಾ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ ಮ್ಯಾಗ್ನಮ್ ಎಂಬ ಜೋರಿನ ತೋಟಾದ ಪೆಟ್ಟಿಗೆಗೆ ಕೈ ಹಾಕಿದಳು.

ಅಂಗಡಿಯ ಮುದುಕ ತಲೆಯಾಡಿಸಿದ. ‘ಅಮ್ಮಾ, ಅದು ದಪ್ಪ. ನಿಮ್ಮ ಗನ್ನಿನೊಳಗೆ ಹೋಗುವುದೇ ಇಲ್ಲ.’

ಅವಳು ಗಂಡನ ಕಡೆ ತಿರುಗಿ, ‘ಒಂದು ಸೈಜು ದೊಡ್ಡದ ತಗೋರಿ, ಮುಂದ ಬೇಕಾಗ್ತದ’ ಅಂದಳು. ಮಕ್ಕಳ ಬೂಟಿನಿಂದ ಹಿಡಿದು ಕುಕ್ಕರಿನವರೆಗೆ ಎಲ್ಲವನ್ನೂ ಅವಳು ಹಾಗೇ ಕೊಂಡವಳು. ರಿವಾಲ್ವರ್ ಬೆಳೆಯುವುದಿಲ್ಲ ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಮುದುಕ ಆ ರಿವಾಲ್ವರನ್ನು ತಿರುಗಿಸಿ ನೋಡಿ ಮೂಗು ಮುರಿದ. ಅಗ್ಗದ ಮಾಲು, ತೋಟಾ ತುಂಬುವ ಸಿಲಿಂಡರ್ ನಳಿಗೆಗೆ ಸರಿಯಾಗಿ ಕೂರುವುದಿಲ್ಲ, ಹೊಡೆದಾಗ ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ ಎಂದ. ‘ಯಾವ ತೋಟಾ ಹಾಕಿದರೂ ಅಷ್ಟೇ. ಪಕ್ಕದಲ್ಲಿ ಯಾರೂ ನಿಲ್ಲಬಾರದು.’

‘ಅಂಗಡಿಯಲ್ಲಿ ನನ್ನ ಪಕ್ಕ ಯಾವಾಗಲೂ ಇವಳೇ ನಿಲ್ಲುತ್ತಾಳೆ’ ಎಂದ ನನ್ನ ಗೆಳೆಯ.

ಮುದುಕ ಇಬ್ಬರನ್ನೂ ಒಮ್ಮೆ ನೋಡಿದ. ‘ಹಾಗಾದರೆ ಕಳ್ಳನಿಗೆ ಅಪಾಯವಿಲ್ಲ’ ಎಂದ.

ಸಾಮ, ದಾನ, ಭೇದ, ದಂಡ

ಗಂಡ ಹೆಂಡತಿಗೆ ಒಮ್ಮತ ಬರಲಿಲ್ಲ. ಗಂಡನಿಗೆ ಗಿಡ್ಡದ್ದೇ ಬೇಕು. ಅವನ ತಲೆಯ ರಕ್ತವನ್ನು ನೆಲದಿಂದ ಒರೆಸಿದವಳು ಹೆಂಡತಿ. ಅವಳಿಗೆ ಉದ್ದದ್ದೇ ಬೇಕು. ಒಂದು ಭಾನುವಾರ ಇಬ್ಬರೂ ನಗುನಗುತ್ತಾ ನಮ್ಮ ಮನೆಗೆ ಬಂದರು. ತಕರಾರು ತೀರಿದೆಯಂತೆ.

‘ಶಾಸ್ತ್ರದಾಗ ಹೇಳಿದಂಗ ತುಂಬೇವಿ, ಡಾಕ್ಟ್ರ’ ಎಂದು ಗೆಳೆಯ ಬೆರಳು ಮಡಿಸಿದ. ಸಿಲಿಂಡರಿನ ಮೊದಲನೆಯ ಕೋಣೆ ಖಾಲಿ. ಟಿಕ್ ಅನ್ನುತ್ತದೆ, ಅದು ಸಾಮ. ಎರಡನೆಯದರಲ್ಲಿ ಇಲಿ ಹೊಡೆಯುವ ಸಣ್ಣ ಚರೆಯ ತೋಟಾ, ಒಂದಿಷ್ಟು ಕೊಟ್ಟು ಕಳಿಸುವುದು, ಅದು ದಾನ. ಮೂರನೆಯದರಲ್ಲಿ ಶಾರ್ಟ್, ಚರ್ಮ ಭೇದಿಸುವಷ್ಟು, ಅದು ಭೇದ. ಅಷ್ಟಕ್ಕೂ ಬುದ್ಧಿ ಬರದಿದ್ದರೆ ಉಳಿದದ್ದರಲ್ಲೆಲ್ಲ ಲಾಂಗ್ ರೈಫಲ್, ದಂಡ.

ಇಂಥ ಬುದ್ಧಿವಂತಿಕೆಯ ಫಲ ಮೇಜಿನ ಮೇಲೆ ಬೆತ್ತಲೆ ಮಲಗಿರುವುದನ್ನು ದಿನಾ ನೋಡುವವನು ನಾನು. ಮುಂದೊಂದು ದಿನ ಆ ಮೇಜಿನ ಮೇಲೆ ಕಳ್ಳನಿರುತ್ತಾನೋ, ಇವನೇ ಇರುತ್ತಾನೋ ಎಂಬ ಹೆದರಿಕೆ ನನಗಿತ್ತು. ಇವನ ಎದೆ ಕೊಯ್ಯುವ ಕೈ ನನ್ನದಾಗದಿರಲಿ ಎಂದು ಎಷ್ಟೋ ಸಲ ದೇವರನ್ನು ಬೇಡಿಕೊಂಡಿದ್ದೇನೆ.

‘ನಿಮ್ಮ ಸಿಲಿಂಡರ್ ಯಾವ ಕಡೆ ತಿರುಗುತ್ತದೆ?’ ಎಂದು ಕೇಳಿದೆ.

ಗಂಡ ಎಡಕ್ಕೆ ಎಂದ, ಹೆಂಡತಿ ಬಲಕ್ಕೆ ಎಂದಳು.

‘ತಪ್ಪಾದರೆ ದಂಡ ಮೊದಲು ಬರುತ್ತದೆ. ಆಮೇಲೆ ಹೆಣದ ಪಕ್ಕ ಕೂತು ಸಾಮ ಹೇಳುತ್ತೀರಾ?’

‘ಹೇಳಿದ್ರ ತಪ್ಪೇನದ?’ ಅಂದಳು ಹೆಂಡತಿ.

ಜನವರಿಯ ಗಿರಾಕಿ

ಜನವರಿಯ ಒಂದು ಮಧ್ಯಾಹ್ನ ಗೆಳೆಯನ ಪಕ್ಕದ ಅಂಗಡಿಯಿಂದ ಶವಾಗಾರಕ್ಕೆ ಫೋನ್ ಬಂತು. ‘ಇಂಡಿಯನ್ ಅಂಗಡಿಯಲ್ಲಿ ಗಲಾಟೆ, ಪೊಲೀಸರು ಬಂದಿದ್ದಾರೆ’ ಎಂದಷ್ಟೇ ಹೇಳಿದರು. ಏಪ್ರನ್ ಬಿಚ್ಚದೆ ಹಿಮದಲ್ಲಿ ಓಡಿದೆ. ದಾರಿಯುದ್ದಕ್ಕೂ ನಾನು ಹಾಕಿದ ಆ ಗೋಣಿಚೀಲದ ಹೊಲಿಗೆಯೇ ಕಣ್ಣಮುಂದೆ. ಅಳುತ್ತಿದ್ದೆ ಎಂದು ಹೇಳಲು ನಾಚಿಕೆಯೇನಿಲ್ಲ.

ಗೆಳೆಯ ಅಕ್ಕಿ ಮೂಟೆಯ ಮೇಲೆ ಕೂತು ಗಡಗಡ ನಡುಗುತ್ತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಹೆಂಡತಿ ಅವನ ಬೆನ್ನು ತಿಕ್ಕುತ್ತಿದ್ದಳು. ಹೀಟರ್ ಕೆಟ್ಟು ವಾರವಾಗಿ ಅಂಗಡಿ ನಮ್ಮ ಶವಾಗಾರಕ್ಕಿಂತ ತಣ್ಣಗಿತ್ತು.

ಆದದ್ದಿಷ್ಟು. ಚಾಕು ಹಿಡಿದವನೊಬ್ಬ ಒಳಗೆ ಬಂದ. ಗೆಳೆಯ ಗಲ್ಲಾದ ಕೆಳಗಿನ ರಿವಾಲ್ವರ್ ತೆಗೆದು, ಕಣ್ಣು ಮುಚ್ಚಿ ಕುದುರೆ ಒತ್ತಿದ. ಅದು ಅಲ್ಲಾಡಲಿಲ್ಲ. ಮತ್ತೆ ಒತ್ತಿದ. ಸಾಮವೂ ಇಲ್ಲ, ದಾನವೂ ಇಲ್ಲ. ಅಷ್ಟರಲ್ಲಿ ಕಳ್ಳ ಅದನ್ನು ಕಿತ್ತುಕೊಂಡು ಇವನ ಹಣೆಗೇ ಇಟ್ಟು ಒತ್ತಿದ. ಊಹೂಂ. ಎರಡು ಕೈಯಿಂದ ಒತ್ತಿದ. ಗೋಡೆಗೆ ಕುಟ್ಟಿ ಮತ್ತೆ ಒತ್ತಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಪೂರ್ತಿ ಕೆಂಪು. ಗಾಬರಿಯಾಗಿ ಕೈ ಕೊಡವಿ, ಮೂಸಿ, ‘ಏನಯ್ಯಾ ಮಾಡಿದ್ದೀ ಇದಕ್ಕೆ?’ ಎಂದು ಕಿರುಚಿ, ರಿವಾಲ್ವರನ್ನೂ ಚಾಕುವನ್ನೂ ಅಲ್ಲೇ ಬಿಟ್ಟು ಓಡಿದ.

ಪೊಲೀಸಿನವನು ಪೆನ್ನಿನ ತುದಿಯಿಂದ ಸಿಲಿಂಡರ್ ಕೆರೆಯುತ್ತಿದ್ದ. ಒಳಗಿನಿಂದ ಕೆಂಪು ಮೇಣದಂಥದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಅವನಿಗೂ ಅದೇ ಪ್ರಶ್ನೆ: ಇದೇನಿದು?

‘ಆಯುಧ ಪೂಜಾ ಮಾಡಿದ್ದೆ’ ಎಂದಳು ಹೆಂಡತಿ. ‘ತಕ್ಕಡಿಗೆ ಮಾಡಿದೆ, ಕಾರಿಗೆ ಮಾಡಿದೆ, ಇದಕ್ಕ ಮಾಡದ ಬಿಡೂದ? ಕುಂಕುಮ ಕಲಸಿ, ತೂತಿಗೆಲ್ಲಾ ಇಳಿಯೂಹಂಗ ಕೊಬ್ಬರಿ ಎಣ್ಣಿ ಬಿಟ್ಟೆ. ಕಬ್ಬಿಣಕ್ಕ ಎಣ್ಣಿ ಬ್ಯಾಡೇನು?’

ಅವಳ ಹಿಂದಿನ ಕಪಾಟಿನಲ್ಲಿ ಮಾರಾಟಕ್ಕಿಟ್ಟ ಕೊಬ್ಬರಿ ಎಣ್ಣೆಯ ಬಾಟಲಿಗಳೆಲ್ಲ ಚಳಿಗೆ ಬಿಳಿಯ ಕಲ್ಲಾಗಿ ಸಾಲಾಗಿ ನಿಂತಿದ್ದವು.

ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಗೆಳೆಯನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ‘ನಾ ಹೊಡದಾಗ ಹಾರಲಿಲ್ಲಲ್ಲೇ!’ ಎಂದು ಕೂಗಿದ. ‘ಅಂವಾ ಹೊಡದಾಗ?’ ಎಂದಳು ಅವಳು. ಅವನು ಹಣೆ ಮುಟ್ಟಿಕೊಂಡ. ಅಲ್ಲಿ ನಳಿಗೆಯ ಬಾಯಿ ಒತ್ತಿದ ಕಡೆ ದುಂಡಗೆ ಕುಂಕುಮ ಅಂಟಿತ್ತು.

ಅದನ್ನು ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದ: ‘ಡಾಕ್ಟ್ರ, ಈಗರೆ ಖರೇ ಹೇಳ್ರಿ. ಯಾವುದು ತುಂಬಿದ್ರ ಛಲೋ?’

‘ಈಗ ತುಂಬಿದೆಯಲ್ಲ, ಅದೇ’ ಅಂದೆ. ‘ಆದರೆ ಬೇಸಿಗೆ ಬರುವುದರೊಳಗೆ ಮಾರಿಬಿಡಿ.’