ರೈತ ಬಾಂಧವರೇ, ಈಗ ಕೇಳಿ

ಸರ್ಕಾರ ಊರಿಗೆ ಏನನ್ನೇ ಕೊಡಲಿ, ಅದನ್ನು ಇಳಿಸುವುದು ಶಾಲೆಯ ಜಗಲಿಯ ಮೇಲೆ. ಆಮೇಲಿನ ಫಜೀತಿಯೆಲ್ಲ ಮೇಷ್ಟ್ರದು. ಡಿಡಿಟಿ ಡಬ್ಬ, ಸೀಮೆ ಕೋಳಿ, ಹೊಸ ತೂಕದ ಬಟ್ಟು ಎಲ್ಲ ಹೀಗೇ ನನ್ನ ತಲೆಗೆ ಬಂದವು. ಐವತ್ತರ ದಶಕದ ಕೊನೆಯಲ್ಲಿ ರೇಡಿಯೋ ಬಂತು.

ನಮ್ಮೂರು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿದೆ. ರೇಡಿಯೋ ಕೊಟ್ಟದ್ದು ಶಿಕಾರಿಪುರದ ಬ್ಲಾಕ್ ಆಫೀಸು. ಷರತ್ತು ಒಂದೇ: ಸಂಜೆ ಹಳ್ಳಿಗರ ಕಾರ್ಯಕ್ರಮ ಬರುವಾಗ ಜನ ಕೂತು ಕೇಳಬೇಕು, ಕೇಳಿದ್ದನ್ನು ಚರ್ಚಿಸಬೇಕು. ಜನ ಸೇರದಿದ್ದರೆ ಸೆಟ್ಟನ್ನು ಎತ್ತಿ ಬೇರೆ ಊರಿಗೆ ಕೊಡುತ್ತಾರೆ. ತೊಗರ್ಸಿಯವರು ಆಗಲೇ ಅರ್ಜಿ ಹಾಕಿ ಕಾಯುತ್ತಿದ್ದರು.

ಅದು ಹೋಗುವುದು ನನಗೆ ಬೇಡವಾಗಿತ್ತು. ಹಳ್ಳಿಗರ ಕಾರ್ಯಕ್ರಮ ಮುಗಿದ ಮೇಲೆ ಕಾಲು ಗಂಟೆ ಸಾಹಿತ್ಯದ ಭಾಷಣ ಬರುತ್ತಿತ್ತು. ಅಷ್ಟರಲ್ಲಿ ಜನರೆಲ್ಲ ಎದ್ದುಹೋಗಿರುತ್ತಿದ್ದರು, ನಾನೊಬ್ಬನೇ ಕೂತಿರುತ್ತಿದ್ದೆ. ಪುಸ್ತಕದ ವಿಷಯ ಮಾತಾಡುವವರು ನನಗೆ ಸಿಗುತ್ತಿದ್ದುದು ಆ ಕಾಲು ಗಂಟೆ ಮಾತ್ರ. ಅದಕ್ಕಾಗಿ ಅರ್ಧ ಗಂಟೆ ಗೊಬ್ಬರದ ವಿಷಯ ಕೇಳಲು ನಾನು ಸಿದ್ಧನಿದ್ದೆ. ಉಳಿದವರು ಸಿದ್ಧರಿರಲಿಲ್ಲ.

ಮೊದಲನೆಯ ಸಂಜೆ

ಅಂದು ಜಗಲಿ ತುಂಬಿತ್ತು. ಮುಂದಿನ ಸಾಲಿನಲ್ಲಿ ಊರಿನ ಹಿರಿಯ ಗೌಡರು. ಪೆಟ್ಟಿಗೆ ಗೊರಗೊರ ಅಂದು ಆಮೇಲೆ ಮಾತಾಡಿತು: “ರೈತ ಬಾಂಧವರೇ, ಭತ್ತದ ಬೆಂಕಿರೋಗದ ಬಗ್ಗೆ ಈಗ ಕೇಳಿ.”

ಗೌಡರು ಎದ್ದು ನಿಂತರು. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಪೆಟ್ಟಿಗೆಯ ಕಡೆ ಬಗ್ಗಿ ಕೇಳಿದರು: “ನಮ್ಮ ಕೆಳಗಿನ ಗದ್ದೀಗೆ ಬಂದೈತಿ. ಏನು ಹಾಕ್ಬೇಕ್ರಿ?”

ಪೆಟ್ಟಿಗೆ ತನ್ನ ಪಾಡಿಗೆ ಮಾತಾಡುತ್ತಿತ್ತು. ಗೌಡರು ತುಸು ಕಾದು, ದನಿ ಎತ್ತರಿಸಿ ಮತ್ತೆ ಕೇಳಿದರು. ನಾನು ಮೆಲ್ಲಗೆ, “ಗೌಡ್ರೇ, ಕೇಳಿ ಅಂದ್ರೆ ಬಾಯಿಂದ ಅಲ್ಲ, ಕಿವಿಯಿಂದ” ಎಂದೆ.

ಗೌಡರು ಕೂತರು. “ಕೇಳಿ ಅಂತ ತಾವೇ ಹೇಳಿ, ಕೇಳಿದ್ರೆ ಉತ್ತರ ಕೊಡದೇ ಇರೋದು ನಮ್ಮ ಶಾನುಭೋಗ್ರು ಒಬ್ರೇ ಅಂದ್ಕಂಡಿದ್ದೆ” ಎಂದರು.

ಮಾವ ಮತ್ತು ಅಳಿಯ

ಬರೀ ಭಾಷಣ ಜನಕ್ಕೆ ಬೇಸರ ತರುತ್ತದೆಂದು ಸ್ಟೇಷನ್ನಿನವರಿಗೇ ಹೊಳೆದಿರಬೇಕು. ಒಬ್ಬ ಮಾವನನ್ನೂ ಒಬ್ಬ ಅಳಿಯನನ್ನೂ ತಂದು ಕೂರಿಸಿದರು. ಅಳಿಯನಿಗೆ ಏನೂ ಗೊತ್ತಿಲ್ಲ, ಮಾವನಿಗೆ ಎಲ್ಲ ಗೊತ್ತು. ಇಬ್ಬರೂ ಯಾವ ಹಳ್ಳಿಯಲ್ಲೂ ಇಲ್ಲದ ಹಳ್ಳಿ ಭಾಷೆ ಆಡುತ್ತಿದ್ದರು.

ಇದು ಜನಕ್ಕೆ ಹಿಡಿಸಿತು. ನಾನು ಸಮಾಧಾನದಿಂದ ಇದ್ದೆ. ತಿಂಗಳು ಕಳೆದು ಒಂದು ಸಂಜೆ, ಈಗ ಚರ್ಚೆ ಶುರುಮಾಡಿ ಎಂದೆ. ವಿಷಯ ಕಾಂಪೋಸ್ಟು ಗುಂಡಿ.

ಹಿಂದೆ ಕೂತಿದ್ದ ಒಬ್ಬ ಅಮ್ಮ ಮೊದಲು ಬಾಯಿ ತೆಗೆದರು. “ಆ ಹುಡುಗ ದಿನಾ ಸಂಜೆ ಮಾವನ ಮನೇಲೇ ಇರ್ತಾನಲ್ರೀ ಮೇಷ್ಟ್ರೇ. ಅವ್ನಿಗೆ ಹೆತ್ತೋರು ಇಲ್ವಾ?”

“ಮನೆ ಅಳಿಯ ಇರ್ಬೇಕು ಬಿಡು” ಎಂದರು ಇನ್ನೊಬ್ಬರು.

“ಗುಂಡಿಯ ವಿಷಯ ಹೇಳಿ” ಎಂದೆ ನಾನು.

ಗೌಡರು ಬಹಳ ಯೋಚಿಸಿ ಹೇಳಿದರು: “ಗುಂಡಿ ತೋಡೋದು ಹೆಂಗೆ ಅಂತ ಮಾವನ್ನ ಕೇಳ್ತಾನಲ್ರೀ. ಅದೂ ಗೊತ್ತಿಲ್ದೋನಿಗೆ ಆ ಮಾವ ಹೆಣ್ಣು ಹೆಂಗೆ ಕೊಟ್ಟ? ಮೊದಲು ಅದು ಚರ್ಚೆ ಆಗ್ಲಿ.”

ಅದೇ ಚರ್ಚೆಯಾಯಿತು. ಊರು ಒಮ್ಮತದಿಂದ ತಪ್ಪು ಮಾವನದು ಎಂದು ತೀರ್ಮಾನಿಸಿತು.

ಹೋಟೆಲಿನ ರೇಡಿಯೋ

ಅಷ್ಟರಲ್ಲಿ ಬಸ್ಸು ನಿಲ್ಲುವಲ್ಲಿದ್ದ ಹೋಟೆಲಿಗೂ ರೇಡಿಯೋ ಬಂತು. ಹೋಟೆಲಿನವರು ಸೊರಬದ ಕಡೆಯವರು, ಮಾತು ಬಲು ಮೃದು. ಅವರ ರೇಡಿಯೋ ಸಮುದ್ರದಾಚೆಯ ಯಾವುದೋ ಸ್ಟೇಷನ್ ಹಿಡಿದು ಸಂಜೆಯೆಲ್ಲ ಸಿನಿಮಾ ಹಾಡು ಹಾಡುತ್ತಿತ್ತು. ನನ್ನ ಜಗಲಿ ಖಾಲಿಯಾಯಿತು. ಜೊತೆಗೆ, ಬ್ಲಾಕಿನ ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಸುದ್ದಿಯೂ ಬಂತು.

ಹೋಟೆಲಿಗೆ ಹೋಗಿ, “ನಮ್ಮ ಕಾರ್ಯಕ್ರಮ ಮುಗಿಯೋವರೆಗೆ ನಿಮ್ಮದು ನಿಲ್ಲಿಸಿ” ಎಂದು ಬೇಡಿಕೊಂಡೆ.

“ನಿಲ್ಲಿಸಬಹುದು ಮೇಷ್ಟ್ರೇ. ಅದರ ಬದಲು ನಿಮ್ಮ ಸ್ಟೇಷನ್ನಿನವ್ರಿಗೆ ಒಂದು ಮಾತು ಹೇಳಿ ನೋಡಿ, ಗೊಬ್ಬರದ ಮೇಲೆ ಒಂದು ಹಾಡು ಹಾಡಿಸ್ಲಿ” ಎಂದರು.

ಅವರು ತಮಾಷೆಗೆ ಅಂದದ್ದು. ಸ್ಟೇಷನ್ನಿನವರಿಗೆ ಯಾರೂ ಹೇಳದೆಯೇ ಅದೇ ಬುದ್ಧಿ ಬಂತು. ಮರುವಾರ ಹಸಿರೆಲೆ ಗೊಬ್ಬರದ ಮೇಲೆ ಮಾವ ತಾನೇ ಹಾಡಿದ. ಉಳಿದಿದ್ದ ನಾಲ್ಕೈದು ಜನರೂ ಎದ್ದರು. ಗೌಡರು ಮಾತ್ರ ಕನಿಕರದಿಂದ ಹೇಳಿದರು: “ಮಾವಗೆ ಮೈಯಾಗೆ ಆರಾಮಿಲ್ಲ ಕಾಣ್ತೈತಿ. ಇವತ್ತು ಬಂದ್ ಮಾಡ್ರಿ ಮೇಷ್ಟ್ರೇ, ಮಲಗ್ಲಿ.”

ಸಾಹೇಬರ ತಪಾಸಣೆ

ಸಾಹೇಬರು ಬರುವ ದಿನ ಜಗಲಿಯಲ್ಲಿ ಜನ ಇಲ್ಲದಿದ್ದರೆ ಸೆಟ್ಟು ಹೋದಂತೆಯೇ. ತಳವಾರನಿಗೆ ಹೇಳಿ ಡಂಗುರ ಹೊಡೆಸಿದೆ: “ಸಾಹೇಬ್ರು ಬರ್ತಾರೆ, ಎಲ್ಲಾರೂ ಕೇಳೋದಕ್ಕೆ ಬರ್ಬೇಕು.”

ಊರಿಗೆ ಊರೇ ಬಂತು. ಹೋಟೆಲಿನವರು ಬಾಗಿಲು ಹಾಕಿಕೊಂಡು ಬಂದರು. ಸಾಹೇಬರ ಮುಖ ಅರಳಿತು. “ಇಷ್ಟು ಆಸಕ್ತಿ ನಾನು ಬೇರೆಲ್ಲೂ ನೋಡಿಲ್ಲ” ಎಂದು ನನಗೆ ಹೇಳಿ, ಜನರ ಕಡೆ ತಿರುಗಿ, “ಹೇಳಿ, ನೀವು ಏನೇನು ಕೇಳ್ತೀರಿ?” ಎಂದರು.

ಗೌಡರು ಎದ್ದು ನಿಂತರು. “ಮೊದಲು ಹಳ್ಳ ದಾಟಾಕ ಒಂದು ಸಂಕ, ಸ್ವಾಮಿ.”

“ಬಾವಿ” ಎಂದರು ಆ ಅಮ್ಮ. “ಇರೋದ್ರಲ್ಲಿ ಕಪ್ಪೆ ಮಾತ್ರ ಇದಾವೆ.”

“ಬಸ್ಸು ಹತ್ತು ನಿಮಿಷ ನಿಲ್ಲಬೇಕು. ಕಾಫಿ ಕುಡಿಯೋಕೆ ಪುರುಸೊತ್ತು ಕೊಡೋದಿಲ್ಲ” ಎಂದರು ಹೋಟೆಲಿನವರು.

ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. “ಅದಲ್ಲ. ಈ ರೇಡಿಯೋ ಬಂದ ಮೇಲೆ ಏನು ಕೇಳಿದಿರಿ, ಅದು ಹೇಳಿ” ಎಂದರು ಸಾಹೇಬರು.

“ಭಾಳ ಕೇಳೀವ್ರಿ” ಎಂದರು ಗೌಡರು. “ಅದಕ್ಕೆ ಬಾಯಿ ಐತಿ, ಕಿವಿ ಇಲ್ಲ. ಅದಕ್ಕೇ ಈಗ ನಿಮ್ಮನ್ನ ಕೇಳಾಕ ಹತ್ತೀವಿ.”

ಸಾಹೇಬರು ಜೀಪು ತಲುಪುವವರೆಗೂ ಜನ ಕೇಳುತ್ತಲೇ ಇದ್ದರು. ಜೀಪು ಹತ್ತಿ ಅವರು ನನ್ನನ್ನು ಹತ್ತಿರ ಕರೆದರು. “ಸೆಟ್ಟು ಇಲ್ಲೇ ಇರ್ಲಿ ಮೇಷ್ಟ್ರೇ. ಇದನ್ನ ತಗೊಂಡು ಹೋದ್ರೆ ಇವರೆಲ್ಲ ಕೇಳೋಕೆ ಶಿಕಾರಿಪುರಕ್ಕೇ ಬರ್ತಾರೆ.”

ಸೆಟ್ಟು ಉಳಿಯಿತು. ಎಲ್ಲರೂ ಹೋದ ಮೇಲೆ ಖಾಲಿ ಜಗಲಿಯಲ್ಲಿ ನನ್ನ ಕಾಲು ಗಂಟೆಗಾಗಿ ಕೂತೆ. ಪೆಟ್ಟಿಗೆ ಹೇಳಿತು: “ಇಂದಿನಿಂದ ಈ ವೇಳೆಯಲ್ಲಿ ಸಾಹಿತ್ಯ ಭಾಷಣದ ಬದಲು ಚಿತ್ರಗೀತೆಗಳು. ಇದು ಕೇಳುಗರ ಕೋರಿಕೆಯ ಮೇರೆಗೆ.”

ಮರೆತ ಕೊಡೆ ತೆಗೆದುಕೊಳ್ಳಲು ಗೌಡರು ವಾಪಸು ಬಂದಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ವಿಚಾರಿಸಿದರು. ಹೇಳಿದೆ.

“ನೋಡ್ರಿ ಮತ್ತೆ, ಕೇಳಿದೋರಿಗೆ ಕೊಟ್ಟಾರೆ. ನೀವು ಒಂದು ದಿನಾನಾದ್ರೂ ಕೇಳಿದ್ರೇನು?”

“ದಿನಾ ಕೇಳ್ತಿದ್ದೆ, ಗೌಡ್ರೇ.”

“ಹಂಗಲ್ರೀ” ಎಂದರು ಗೌಡರು ಕೊಡೆ ಎತ್ತಿಕೊಳ್ಳುತ್ತ. “ಬಾಯಿ ಬಿಟ್ಟು.”